ಕಮತಗಿ ಅಕ್ಕನ ಶುಕ್ರವಾರ

ನಾನು ಬಾಗಲಕೋಟೆಯಲ್ಲಿ ಊಟಕ್ಕೆ ಕೂತಾಗಲೇ ಇಳಕಲ್ಲಿನಿಂದ ಫೋನು ಬರಬೇಕೆಂದು ಹಣೆಯಲ್ಲಿ ಬರೆದಿರಬೇಕು. ಅಲ್ಲಿನ ಸೀರೆ ಸಾವ್ಕಾರರೊಬ್ಬರಿಗೆ, ಯಾವ ನೇಕಾರರ ಮನೆಯಲ್ಲಿ ಯಾವ ಸೀರೆ ಮಗ್ಗದ ಮೇಲಿದೆ ಎಂದು ತೋರಿಸುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೆ. ಅಂದಿನಿಂದ ಕೂತರೂ ನಿಂತರೂ ಕಿವಿ ಫೋನಿನ ಕಡೆಗೇ. ಒಂದು ದಿನವಾದರೂ ನಿಶ್ಚಿಂತೆಯಿಂದ ಇರಬೇಕೆಂಬುದೊಂದೇ ನನ್ನ ಆಸೆ.

ಹೊಲಿದಿಟ್ಟ ಫ್ಲಾಪಿ

ಆಗಿನ ಮೆತ್ತನೆಯ ಅಗಲ ಫ್ಲಾಪಿಯಲ್ಲಿ ಆ ನೇಕಾರರ ಪಟ್ಟಿಯ ಪ್ರತಿ ತೆಗೆದು ಅಂಗಡಿಯ ಗುಮಾಸ್ತರಿಗೆ ಕೊಟ್ಟು, "ಕಳೀಬ್ಯಾಡ್ರಿ" ಎಂದು ಹೇಳಿ ಬಂದೆ. ಕಳೆಯಬಾರದ ಚೀಟಿಯನ್ನೆಲ್ಲ ಸೀರೆಯ ಅಂಚಿಗೆ ಸೂಜಿ-ದಾರದಿಂದ ಹೊಲಿಯುವುದು ಆ ಅಂಗಡಿಯ ರೂಢಿ. ಮುಂದಿನ ವಾರ ಹೋದರೆ, ಫ್ಲಾಪಿ ರಿಜಿಸ್ಟರಿನ ರಟ್ಟಿಗೆ ನಾಲ್ಕೂ ಮೂಲೆ ಹೊಲಿಸಿಕೊಂಡು ಕೂತಿತ್ತು. ನನಗೆ ಸಿಟ್ಟು, ಗುಮಾಸ್ತರಿಗೆ ಹೆಮ್ಮೆ.

"ಎಳದು ನೋಡ್ರಿ, ಬರಂಗಿಲ್ಲ" ಎಂದರು.

ಖರೆ. ಒಳಗಿನ ಪಟ್ಟಿಯೂ ಬರಲಿಲ್ಲ.

ಬೇರೆ ಊರಿನ ಪ್ರತಿ

"ಇನ್ನೊಂದು ಪ್ರತಿ ಅಂಗಡ್ಯಾಗ ಬ್ಯಾಡ್ರಿ, ಬ್ಯಾರೆ ಕಡೆ ಇಡ್ರಿ" ಎಂದೆ. ಸಾವ್ಕಾರರು ಅದನ್ನು ಕಮತಗಿಯಲ್ಲಿದ್ದ ತಮ್ಮ ಅಕ್ಕನ ಮನೆಗೆ ಕಳಿಸಿದರು. ತಿಂಗಳೊಳಗೆ ಕಂಪ್ಯೂಟರ್ ಕೆಟ್ಟಿತು. ನಾನು ಬಸ್ಸು ಹತ್ತಿ ಕಮತಗಿಗೆ ಓಡಿದೆ. ಅಕ್ಕ ಕುಂಕುಮ ಹಚ್ಚಿದ ಫ್ಲಾಪಿಯನ್ನು ತೋರಿಸಿದರು, ಮುಟ್ಟಗೊಡಲಿಲ್ಲ.

"ಇವತ್ತ ಶುಕ್ರವಾರ ತಮ್ಮಾ. ಮನಿಯಾಗಿನ ಸಾಮಾನ ಹೊರಗ ಕೊಡಂಗಿಲ್ಲ."

"ಅಕ್ಕಾರ, ಇದು ಸಾಮಾನಲ್ಲರಿ, ಪಟ್ಟಿ."

"ಹಂಗಾರ ಪಟ್ಟಿ ನಾಳೆ ಒಯ್ಯಿ. ಈಗ ಚಾ ಕುಡಿ."

ಶನಿವಾರ ಮೊದಲ ಬಸ್ಸಿಗೇ ಹೋದೆ. "ತವರಿಂದ ಬಂದದ್ದನ್ನ ಬರೇ ಹೆಂಗ ಕಳಸ್ಲಿ" ಎಂದು ಫ್ಲಾಪಿಯನ್ನು ಹೋಳಿಗೆಯ ಡಬ್ಬಿಯೊಳಗಿಟ್ಟು ಕೊಟ್ಟರು. ಫ್ಲಾಪಿಗೆ ತುಪ್ಪ ಹತ್ತಿತ್ತು. ಹೋಳಿಗೆ ಮಾತ್ರ ಭಾಳ ಚಲೋ ಇದ್ದವು.

ನಿಶ್ಚಯದ ದಿನ

ಮುಂದೆ ಇಂಟರ್‌ನೆಟ್ ಬಂತು. ಈಗ ಕ್ಲೌಡ್ ಎನ್ನುತ್ತಾರಲ್ಲ, ಅಂಥದ್ದೇ ಒಂದು ಸೌಲಭ್ಯದಲ್ಲಿ ಪಟ್ಟಿ ಇಟ್ಟೆ. ಎಲ್ಲಿಂದ ಬೇಕಾದರೂ ತೆರೆಯಬಹುದು! ಪಾಸ್‌ವರ್ಡ್ ಸಾವ್ಕಾರರೇ ಹಾಕಿಕೊಂಡರು. ನನಗೆ ಬಿಡುಗಡೆಯಾಯಿತೆಂದು ಹಿಗ್ಗಿ ಮದುವೆಗೂ ಒಪ್ಪಿದೆ. ಇನ್ನು ಮುಂದೆ ನಾನೂ ಎಲ್ಲಿದ್ದರೂ ಸಿಕ್ಕಿಬೀಳುತ್ತೇನೆಂದು ಹೊಳೆದಿರಲಿಲ್ಲ.

ಹುನಗುಂದದಲ್ಲಿ ಸಂಜೆ ನಿಶ್ಚಯ. ಹುಡುಗಿಗೆ ಉಡಿಸುವ ಸೀರೆಯನ್ನು ಸಾವ್ಕಾರರೇ ನೇಯಿಸಿದ್ದರು. ಬೆಳಿಗ್ಗೆ ಅವರದೇ ಫೋನು: "ಕಂಪ್ಯೂಟರ್ ಸತ್ತೈತಪಾ. ನಿನ್ನ ಸೀರಿ ಯಾರ ಮನ್ಯಾಗ ಐತೋ ಗೊತ್ತಾಗವಲ್ದು." ಪಟ್ಟಿ ಬಂದಾಗಿನಿಂದ ಅವರು ನೆನಪಿಡುವುದನ್ನೇ ಬಿಟ್ಟಿದ್ದರು.

"ಇಂಟರ್‌ನೆಟ್‌ನ್ಯಾಗ ಐತ್ರಿ. ಪಾಸ್‌ವರ್ಡ್ ಹೇಳ್ರಿ."

"ಮರತೇನಿ. ಚೀಟಿ ಬರದು ಅಕ್ಕನ ಕಡೆ ಇಟ್ಟೇನಿ."

ಅಂದು ಶುಕ್ರವಾರ.

ಫೋನಿನಲ್ಲಿ ಓದಿ ಹೇಳಲು ಅಕ್ಕನಿಗೆ ಇಂಗ್ಲಿಷ್ ಅಕ್ಷರ ಬಾರದು. ಹೊಸ ಬಟ್ಟೆಯಲ್ಲೇ ಕಮತಗಿಗೆ ಹೋದೆ. ಅಕ್ಕ ಚೀಟಿ ಹಿಡಿದು ನಿಂತರು. ಅಂಗೈ ಮೇಲೆ ಬರೆದುಕೊಳ್ಳಹೋದರೆ, "ಅದೂ ಒಯ್ದಂಗ ಆತಲ್ಲೋ! ಬಾಯಿಪಾಠ ಮಾಡು" ಎಂದರು. ನೋಡಿದರೆ ಅವರದೇ ಹೆಸರು, ಮುಂದೆ ನಾಲ್ಕು ಅಂಕಿ. ಬಸ್ಸಿನುದ್ದಕ್ಕೂ ಜಪಿಸಿದೆ. ಹುನಗುಂದದ ಇಂಟರ್‌ನೆಟ್ ಅಂಗಡಿಯಲ್ಲಿ ಪಟ್ಟಿ ತೆರೆಯಿತು. ನೇಕಾರರ ಹೆಸರನ್ನು ಸಾವ್ಕಾರರಿಗೆ ಫೋನಿನಲ್ಲಿ ಹೇಳಿದೆ, ಸೀರೆ ಹೊತ್ತಿಗೆ ಸರಿಯಾಗಿ ಬಂತು. ನನ್ನ ಜಪ ಮಾತ್ರ ನಿಲ್ಲಲಿಲ್ಲ.

ಹುಡುಗಿ ಸೀರೆ ಉಟ್ಟು ಒಳಕೋಣೆಯಲ್ಲಿದ್ದಳು. ಹೊರಗೆ ಎರಡೂ ಕಡೆಯವರು ಕೂತಿದ್ದರು. ಹಿರಿಯರೊಬ್ಬರು, "ಹುಡುಗಿ ಹೆಸರು ಹೇಳಪಾ, ಎಲ್ಲಾರೂ ಕೇಳ್ಲಿ" ಎಂದರು.

ನಾನು ಎದ್ದು ನಿಂತು ಗಟ್ಟಿಯಾಗಿ ಹೇಳಿದೆ: "ಶಾಂತವ್ವ, ಏಳು, ಮೂರು, ಒಂಬತ್ತು, ಎರಡು!"

 ಒಳಗಿನಿಂದ ಹುಡುಗಿಯ ದನಿ ಬಂತು:

"ಬೇಕಾದ್ರ ಆಕೀನ್ನೇ ಕರಕೊಂಡು ಬರ್ರಿ. ಸೀರಿ ಮಾತ್ರ ನಾ ಕೊಡಂಗಿಲ್ಲ. ಇವತ್ತ ಶುಕ್ರವಾರ!"