ಕರ್ಪೂರ ಆರಿಸದ ಗಂಡ

ದೇವರ ಭಯವಿಲ್ಲದವರು ಒಂದಲ್ಲ ಒಂದು ದಿನ ಕೆಟ್ಟೇ ಕೆಡುತ್ತಾರೆ ಎಂದು ನನಗೆ ಎರಡೂ ಕಡೆಯಿಂದ ಹೇಳಿಕೊಟ್ಟಿದ್ದರು. ಕಾನ್ವೆಂಟಿನಲ್ಲಿ ಮಾರಲ್ ಸೈನ್ಸ್ ಪಾಠ ಮಾಡುತ್ತಿದ್ದ ಸಿಸ್ಟರ್ ನರಕದ ಬೆಂಕಿಯನ್ನು ಎಷ್ಟು ವಿವರವಾಗಿ ವರ್ಣಿಸುತ್ತಿದ್ದರೆಂದರೆ, ಒಮ್ಮೆ ಹೋಗಿ ಬಂದಿರಬೇಕು ಎಂದೇ ನನ್ನ ಅನುಮಾನ. ಮನೆಗೆ ಬಂದರೆ ಅಜ್ಜಿಯ ಯಮಲೋಕ, ಅದರ ಎಣ್ಣೆ ಕೊಪ್ಪರಿಗೆ. ಹೀಗೆ ಎರಡು ಒಲೆಗಳಲ್ಲಿ ಬೆಂದು ಹದವಾದ ನನಗೆ ಸಿಕ್ಕ ಗಂಡ, ದೇವರೇ ಇಲ್ಲ ಎನ್ನುವ ಮನುಷ್ಯ. ಟಿ. ನರಸೀಪುರದ ನಮ್ಮತ್ತೆ ಮದುವೆಯಾದ ಹೊಸದರಲ್ಲೇ ಕಿವಿಯಲ್ಲಿ ಹೇಳಿದ್ದರು: "ಒಲೆ ಮೇಲಿಟ್ಟ ಹಾಲು ಕಾದಂಗೆ ಕಾದ್ಕೊಳವ್ವ ಇವನ್ನ. ಯಾವಾಗ ಉಕ್ಕಾನೋ ಗೊತ್ತಿಲ್ಲ." ಕಾದೆ. ಕುಡಿತವಿಲ್ಲ, ಇಸ್ಪೀಟಿಲ್ಲ, ಒದ್ದೆ ಟವೆಲನ್ನು ಮಂಚದ ಮೇಲೆ ಎಸೆಯುವುದೊಂದೇ ಪಾಪ. ನಿಜ ಹೇಳಬೇಕೆಂದರೆ ಸ್ವಲ್ಪ ನಿರಾಸೆಯೇ ಆಯಿತು.

ಆಗ ನಾವು ನಂಜನಗೂಡಿನ ಒಂದು ವಠಾರದಲ್ಲಿದ್ದೆವು. ತೊಂಬತ್ತರ ದಶಕ, ಇವರಿಗೆ ಅಲ್ಲೇ ಫ್ಯಾಕ್ಟರಿಯಲ್ಲಿ ಕೆಲಸ. ಓನರ್ ಮಾದಪ್ಪನವರು, ಪಕ್ಕದ ಮನೆಯ ಗೌರಮ್ಮ, ನಾವು, ಎಲ್ಲರಿಗೂ ಒಂದೇ ಬೋರ್‌ವೆಲ್ಲು, ಒಂದೇ ಮೋಟರು. ಒಂದು ಮಧ್ಯಾಹ್ನ ಯಾರೋ ಸ್ವಿಚ್ ಹಾಕಿ ಮರೆತರು. ಮೋಟರು ಸುಟ್ಟು ಹೋಯಿತು. ಯಾರನ್ನು ಕೇಳಿದರೂ "ನಾನಲ್ಲ."

ಮಾದಪ್ಪನವರು ತನಿಖೆಗೆ ನಮ್ಮ ಸೀಮೆಯ ಹಳೇ ದಾರಿಯನ್ನೇ ಹಿಡಿದರು, ಆಣೆ. ತುಳಸಿಕಟ್ಟೆಯ ಮೇಲೆ ಕರ್ಪೂರ ಹಚ್ಚಿಟ್ಟರು. ಒಬ್ಬೊಬ್ಬರೇ ಬಂದು ನಂಜುಂಡನ ಹೆಸರು ಹೇಳಿ, ಅದನ್ನು ಕೈಯಿಂದ ಆರಿಸಿ, "ನಾನಲ್ಲ" ಅನ್ನಬೇಕು. ಗೌರಮ್ಮ ಸೊಳ್ಳೆ ಹೊಡೆದಷ್ಟು ಸಲೀಸಾಗಿ ಆರಿಸಿದರು. ನಾನು ಏನೂ ಮಾಡದಿದ್ದರೂ ಕಣ್ಣು ಮುಚ್ಚಿಕೊಂಡು ಆರಿಸಿ, ಇರಲಿ ಎಂದು ಮನಸ್ಸಿನಲ್ಲೇ ಏಸುವಿಗೂ ಒಂದು ಮಾತು ಹೇಳಿದೆ. ನಮ್ಮವರು ಮಾತ್ರ ಕೈಕಟ್ಟಿ ನಿಂತರು.

"ನಾನು ಸ್ವಿಚ್ ಹಾಕಿಲ್ಲ. ಆದ್ರೆ ಕರ್ಪೂರ ಆರಿಸಲ್ಲ."

"ಅದ್ಯಾಕ್ ಸಾ? ದ್ಯಾವ್ರೇ ಇಲ್ಲ ಅನ್ನೋರ್ಗೆ ಇದು ಬರೀ ಬೆಂಕಿ ತಾನೇ? ಆರ್ಸಕ್ಕೇನ್ ಕಷ್ಟ?" ಎಂದರು ಮಾದಪ್ಪನವರು.

"ನಂಬದೇ ಇರೋದರ ಮೇಲೆ ಆಣೆ ಇಟ್ರೆ, ಅದೇ ಸುಳ್ಳಾಗುತ್ತಲ್ಲ ಮಾದಪ್ಪನವ್ರೇ."

"ಅಂಗಾದ್ರೆ ಮನೆ ಖಾಲಿ ಮಾಡಿ."

ಅಷ್ಟು ಒಳ್ಳೆಯ ಅಡುಗೆಮನೆ ಇನ್ನೆಲ್ಲಿ ಸಿಗಬೇಕು? ಕಿಟಕಿ ಪೂರ್ವಕ್ಕೆ, ಒಗ್ಗರಣೆ ಹೊಗೆ ಸೀದಾ ಗೌರಮ್ಮನ ಮನೆಗೆ! ಬಟ್ಟೆ ಒಣಹಾಕುವಾಗ ನನ್ನ ಕಣ್ಣೀರು ನೋಡಿ ಗೌರಮ್ಮ ಹತ್ತಿರ ಬಂದರು.

"ಅಳ್ಬೇಡ ಕಣವ್ವ. ನಾನೇ ಆಕಿದ್ದು. ಧಾರಾವಾಹೀಲಿ ಆ ಸೊಸೆ ವಿಷ ಕುಡೀತಿದ್ಲು, ಮೋಟ್ರು ಮರ್ತೇ ಓಯ್ತು."

"ಮತ್ತೆ ಆಣೆ ಮಾಡಿದ್ರಲ್ಲ?"

"ಸ್ವಾಮ್ವಾರ ಓಗಿ ಹಣ್ಣುಕಾಯಿ ಮಾಡಿಸ್ತೀನಿ. ನಂಜುಂಡ ನಮ್ಮೋನು, ಒಪ್ಕತಾನೆ. ಮಾದಪ್ಪ ಒಪ್ಕತಾನಾ?"

ಸಂಜೆ ಗೌರಮ್ಮ ಹೇಳಿದ್ದನ್ನೆಲ್ಲ ಇವರಿಗೆ ಒಪ್ಪಿಸಿ ಕೂಗಾಡಿದೆ. "ಹೋಗಿ ಹೇಳ್ರೀ ಓನರ್‌ಗೆ!" ಇವರು, "ಹೇಳಬೇಕಾದವರು ಅವರು" ಎಂದು ಬಿಂದಿಗೆ ಎತ್ತಿಕೊಂಡು ಬೀದಿ ನಲ್ಲಿಗೆ ಹೊರಟರು. ಮೊದಲ ಬಿಂದಿಗೆ ಇಳಿದದ್ದು ಗೌರಮ್ಮನ ಬಾಗಿಲಲ್ಲಿ. ನನಗೆ ಮೈಯೆಲ್ಲ ಉರಿಯಿತು. "ಅವರಿಂದಲೇ ಮನೆ ಹೋಗ್ತಿದೆ, ಅವರಿಗೇ ನೀರಾ?" "ಮಂಡಿ ನೋವಲ್ವೇನೇ ಆಕೆಗೆ? ಮಂಡಿಗೂ ಮೋಟರಿಗೂ ಏನು ಸಂಬಂಧ?" ಸಿಸ್ಟರ್ ಇದ್ದಿದ್ದರೆ ಇದು ಯಾವ ಪಾಠದಲ್ಲಿದೆ ಎಂದು ಕೇಳುತ್ತಿದ್ದೆ.

ದಿನವೂ ಹಾಗೇ ನಡೆಯಿತು. ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುವುದು, ಇವರು ಗೌರಮ್ಮನಿಗೆ ನೀರು ತುಂಬುವುದು. ಕೊನೆಗೊಂದು ಬೆಳಿಗ್ಗೆ ಗೌರಮ್ಮ ಬಿಂದಿಗೆಯನ್ನು ದಡಕ್ಕನೆ ಕುಕ್ಕಿ, ಕುಂಟುತ್ತಾ ಮಾದಪ್ಪನವರ ಬಾಗಿಲಿಗೆ ಹೋದರು.

"ನಾನೇ ಕಣಪ್ಪ ಮೋಟ್ರು ಸುಟ್ಟಿದ್ದು! ಏನ್ ಬೇಕಾದ್ರೂ ಮಾಡ್ಕೋ. ನಂಜುಂಡನ್ನಾದ್ರೂ ಒಪ್ಪಿಸ್ಬೌದು, ಈವಯ್ಯನ್ ಕಾಟ ತಡೆಯಕ್ಕಾಗಲ್ಲ. ಒಂದ್ ಸಲ ಬೈದಿದ್ರೆ ಆರಾಮಾಗಿ ಇರ್ತಿದ್ದೆ!"

ಮನೆ ಉಳಿಯಿತು. ಮಾದಪ್ಪನವರು ಮೋಟರಿನ ಉಸ್ತುವಾರಿಯನ್ನು ಇವರಿಗೇ ವಹಿಸಿದರು. ಆಣೆ ಮಾಡಿದ ಯಾರನ್ನೂ ನಂಬುವ ಹಾಗಿಲ್ಲವಂತೆ. ಆ ಪಟ್ಟಿಯಲ್ಲಿ ನಾನೂ ಸೇರಿದ್ದೆ.

ಅಂದೇ ನಾನು ಗುಟ್ಟಾಗಿ ದೇವಸ್ಥಾನಕ್ಕೆ ಹೋಗಿ ಗಟ್ಟಿಯಾಗಿ ಬೇಡಿಕೊಂಡೆ: "ಸ್ವಾಮಿ, ಯಾವ ಕಾರಣಕ್ಕೂ ನಮ್ಮವರಿಗೆ ನಿನ್ನ ಮೇಲೆ ಭಕ್ತಿ ಬಾರದಿರಲಿ. ಬಂದರೆ ಕೆಟ್ಟು ಹೋಗುತ್ತಾರೆ."

ಮನೆಗೆ ಬಂದಾಗ ಇವರು ಬಾಗಿಲಲ್ಲೇ ಇದ್ದರು. "ಎಲ್ಲಿಗೆ ಹೋಗಿದ್ದೆ?"

"ಮಾರ್ಕೆಟ್ಟಿಗೆ, ಬೀನ್ಸ್ ತರೋಣ ಅಂತ. ಚೆನ್ನಾಗಿರಲಿಲ್ಲ" ಎಂದೆ, ಒಂದು ಚೂರೂ ತಡವರಿಸದೆ.

ಇವರು ನನ್ನ ಹಣೆಯನ್ನೇ ನೋಡಿದರು. "ವಿಭೂತಿ ಮಾತ್ರ ಫ್ರೆಶ್ಶಾಗಿದೆ" ಎಂದು ಒಳಗೆ ಹೋದರು.