ನಾನು ಹೇಳಿದ ಯೂರಿಯಾ, ಅವರು ಬಿಟ್ಟ ನೀರು

ಗೋವಿನಜೋಳಕ್ಕೆ ನೀರು, ಯೂರಿಯಾ ಎರಡನ್ನೂ ಹೊಂದಿಸಿ ಕೊಡಿರಿ ಅಂತ ರೈತರಿಗೆ ಹೇಳುವುದು ಕೃಷಿ ಇಲಾಖೆಯಲ್ಲಿ ನನ್ನ ನೌಕರಿ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ವರ್ಗವಾದಲ್ಲೆಲ್ಲ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಎಲ್ಲ ಕಡೆ ಜನ ತಲೆಯಾಡಿಸಿ ಕೇಳಿದ್ದಾರೆ, ಚಹಾ ಕುಡಿಸಿದ್ದಾರೆ. ಆಮೇಲೆ ಹೊಲಕ್ಕೆ ಹೋಗಿ ನೋಡಿದರೆ ನನ್ನ ಮಾತಿನ ಗತಿ ಏನಾಗಿರುತ್ತದೆ ಅನ್ನುವುದೇ ಬೇರೆ ಕತೆ.

ಅಂಗೈ ಬರಹ

ದೊಡವಾಡದಲ್ಲಿ ಒಬ್ಬ ರೈತರಿದ್ದರು, ಭಾಳ ಶ್ರದ್ಧೆಯ ಮನುಷ್ಯ. ನಾನು ಹೇಳಿದ್ದನ್ನು ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಳ್ಳುವವರು. "ಯೂರಿಯಾ ಒಮ್ಮೆಲೇ ಸುರೀಬ್ಯಾಡ್ರಿ. ಬಿತ್ತುವಾಗ, ಬೆಳಿ ಮೊಣಕಾಲುದ್ದ ಆದಾಗ, ತುರಾಯಿ ಬರೂ ಮುಂದ, ಹಿಂಗ ಮೂರು ಸಲ ಮಾಡಿ ಕೊಡ್ರಿ. ಹಿಂದ ಹಗೂರಕ ನೀರು ಹಾಯಿಸ್ರಿ" ಅಂದೆ. ಬರೆದುಕೊಂಡರು.

ಬೆಳೆ ಗೇಣುದ್ದ ಆದಾಗ ಅವರದೇ ಫೋನು. "ಸಾಹೇಬ್ರ, ಬೆಳಿ ಸುಟ್ಟಂಗ ಕಾಣಾಕತ್ತೈತ್ರಿ."

ಓಡಿಹೋದೆ. "ಮೂರು ಸಲ ಮಾಡಿ ಕೊಟ್ರಿಲ್ಲೋ?"

"ಕೊಟ್ಟೇನಲ್ರೀ! ಮುಂಜಾನೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಸಂಜೀಕ ಒಮ್ಮೆ."

ನಾನು ತಲೆ ಹಿಡಿದುಕೊಂಡು, ಅವತ್ತು ಹೇಳಿದ್ದನ್ನೆಲ್ಲ ಮತ್ತೆ ಹೇಳಿದೆ. ಅವರು ಶಾಂತವಾಗಿ ಕೇಳಿಸಿಕೊಂಡು ಅಂಗೈ ಮುಂದೆ ಚಾಚಿದರು. "ಇಲ್ಲಿ ನೋಡ್ರಿ. 'ಮೂರು ಸಲ' ಅಂತ ಬರಿಯೂದ್ರಾಗ ಜಾಗಾ ಮುಗೀತು. ಇದು ಅಂಗೈ ಐತ್ರಿ ಸಾಹೇಬ್ರ, ರಜಿಸ್ಟರ್ ಅಲ್ಲ."

ಬಂದ್ ಮಾಡುವವರು

ದೇಗಾಂವದ ಒಬ್ಬ ಅಜ್ಜನ ಹೊಲದಲ್ಲಿ ನೀರು ನಿಂತು, ಗೋವಿನಜೋಳ ಅರಿಷಿಣ ಬಳಿದುಕೊಂಡಂತೆ ಹಳದಿ ತಿರುಗಿತ್ತು.

"ಅಜ್ಜಾರ, ಬೋರಿನ ನೀರು ಎಷ್ಟು ಹೊತ್ತು ಬಿಡ್ತೀರಿ?"

"ಕರೆಂಟ್ ಎಷ್ಟು ಹೊತ್ತು ಇರತೈತಿ, ಅಷ್ಟೂ ಹೊತ್ತು."

"ನೀರು ಹೆಚ್ಚಾಗಿ ನೀವು ಹಾಕಿದ ಯೂರಿಯಾ ಎಲ್ಲಾ ಬೇರು ದಾಟಿ ಕೆಳಗ ಇಳದ್ಹೋಗೈತ್ರಿ. ಬೆಳಿಗೆ ಸಾಕಾದ ಕೂಡ್ಲೇ ಬಂದ್ ಮಾಡಬೇಕಲ್ರೀ?"

ಅಜ್ಜ ನನ್ನನ್ನು ಕನಿಕರದಿಂದ ನೋಡಿದರು. "ಬಂದ್ ಮಾಡಾಕ ನಾ ಯಾಕ? ಆ ಕೆಲಸಕ್ಕ ಲೈನ್‌ಮನ್ ಇಟ್ಟಾರ."

ಸಾಹೇಬರ ಬೂಟು

ನಮ್ಮ ಇಲಾಖೆಯವರ ಎಡವಟ್ಟು ಮಾತ್ರ ಮುಚ್ಚಿಡುವುದು ನ್ಯಾಯವಲ್ಲ. ಸವದತ್ತಿ ಕಡೆ ಒಬ್ಬ ಹಿರಿಯ ಹೆಣ್ಣುಮಗಳ ಹೊಲದಲ್ಲಿ ನಾವು ಮಾದರಿ ಬೆಳೆ ಮಾಡಿಸಿದ್ದೆವು. ನೀರಿನ ಮಿತಬಳಕೆ ಬಗ್ಗೆ ಭಾಷಣ ಮಾಡಲು ದೊಡ್ಡ ಸಾಹೇಬರು ಬರುವವರಿದ್ದರು. ಹಿಂದಿನ ದಿನ ನನ್ನ ಮೇಲಧಿಕಾರಿ, "ಫೋಟೊದಾಗ ಹೊಲ ಒಣಗಿದ್ದು ಕಾಣಬಾರದು, ನೀರು ಬಿಡಿಸ್ರಿ" ಅಂದರು. ಎಂಟು ದಿನ ನೀರು ಬಿಡಬೇಡಿರಿ ಅಂತ ಆ ಅವ್ವನಿಗೆ ಹೇಳಿದವನೂ ನಾನೇ, ಬಿಡಿರಿ ಅಂತ ಹೇಳಿದವನೂ ನಾನೇ. ಆಕೆ ನನ್ನ ಮುಖ ನೋಡಿದಳು, ಮೋಟರ್ ಚಾಲೂ ಮಾಡಿದಳು.

ಸಾಹೇಬರು ಬಂದರು, ಫೋಟೊಕ್ಕೆಂದು ಸಾಲಿನೊಳಗೆ ಕಾಲಿಟ್ಟರು. ಕಾಲು ವಾಪಸ್ ಬಂತು, ಬೂಟು ಬರಲಿಲ್ಲ. ಅವರು ಒಂಟಿಕಾಲಿನ ಮೇಲೆ ನನ್ನ ಹೆಗಲು ಹಿಡಿದು ನಿಂತಾಗ, ಅವ್ವ ಕೆಸರಿನಲ್ಲಿ ಕೈಯಾಡಿಸಿ ಬೂಟು ತೆಗೆದು, ಸೆರಗಿನಿಂದ ಒರೆಸಿ ಕೊಟ್ಟಳು. "ನೀರು ಹೆಚ್ಚಾದ್ರ ಏನಾಗತೈತಿ ಅಂತ ಇವರು ಬಾಯಿಲೆ ಹೇಳಿದ್ರ ತಿಳೀತಿದ್ದಿಲ್ರಿ. ನೀವು ಮಾಡಿ ತೋರಿಸಿದ್ರಿ, ಉಪಕಾರ ಆತು."

ಕಟಕೋಳದ ಸನ್ಮಾನ

ಕಟಕೋಳದಲ್ಲಿ ಎರಡು ಹೊಲ, ಒಂದು ಮೇಲೆ, ಒಂದು ಕೆಳಗೆ. ಮೇಲಿನದು ಊರಿನ ಒಬ್ಬ ಯಜಮಾನರದು. ಕೆಳಗಿನದು ಟೆಂಪೊ ಓಡಿಸುತ್ತಲೇ ಒಕ್ಕಲುತನ ಮಾಡುವ, ಊರವರೆಲ್ಲ ಚಾಚಾ ಅಂತ ಕರೆಯುವಾತನದು. ಯಜಮಾನರು ಯೂರಿಯಾ ಉಗ್ಗಿದ ಮೇಲೆ ನೀರು ಬಿಟ್ಟರೆಂದರೆ ಹೊಲ ಕೆರೆಯಾಗಬೇಕು. "ಹಗೂರಕ ಬಿಡ್ರಿ" ಅಂದರೆ, "ನಾವೇನು ಬಡವರೇನ್ರಿ?" ಅನ್ನುವರು. ಆದರೂ ಅವರ ಬೆಳೆ ಪ್ರತಿ ವರ್ಷ ಹಳದಿ. ಬೀಜ ಖೊಟ್ಟಿ ಅಂತ ನನಗೆ ಎರಡು ಸಲ ಅರ್ಜಿ ಬರೆದುಕೊಟ್ಟಿದ್ದರು.

ಒಂದು ವರ್ಷ ಚಾಚಾನ ಬೆಳೆ ಆಳೆತ್ತರ ಕಪ್ಪು ಹಸಿರಾಗಿ ನಿಂತಿತು, ತೆನೆ ಮೊಳಕೈಯುದ್ದ. ಊರವರು ಆತನಿಗೆ ಸನ್ಮಾನ ಇಟ್ಟರು. ಶಾಲು ಹೊದಿಸುವ ಗೌರವ ಯಜಮಾನರಿಗೇ ಬಂತು. ಹೊದಿಸಿದರು. ದೊಡ್ಡ ಮನಸ್ಸು ಮಾಡಿ ಮೈಕಿನಲ್ಲೇ ಕೇಳಿದರು, "ಎಷ್ಟು ಯೂರಿಯಾ ಹಾಕಿದಿ, ಎಲ್ಲಾರಿಗೂ ಹೇಳು."

ಚಾಚಾ ಸುಳ್ಳು ಹೇಳುವವನಲ್ಲ. ಸಂಕೋಚದಿಂದ ಮೈಕು ಹಿಡಿದ. "ಒಂದು ಕಾಳೂ ಹಾಕಿಲ್ರಿ. ನೀವು ಹಾಕಿ ನೀರು ಬಿಟ್ಟಾಗ, ಒಡದ ಬದುವಿನ್ಯಾಗ ಹಾದು ಎಲ್ಲಾ ನನ್ನ ಹೊಲಕ್ಕ ಇಳದ ಬರತೈತ್ರಿ. ಬದು ಕಟ್ಟಕೋರಿ ಅಂತ ನಾನ ಹೇಳಿದ್ದೆ. 'ನೀರು ನಂದು, ಗೊಬ್ಬರ ನಂದು, ನಿಂದೇನು ಹೋಗತೈತಿ' ಅಂದ್ರಿ. ಖರೇನ ಐತ್ರಿ, ನಂದೇನೂ ಹೋಗ್ಲಿಲ್ಲ."

ಚಾಚಾ ಶಾಲು ತೆಗೆದು ಎರಡೂ ಕೈಯಿಂದ ಯಜಮಾನರಿಗೆ ಹೊದಿಸಿದ. "ಇದು ನಿಮ್ಮ ದುಡಿಮಿದು."

ಯಜಮಾನರ ಮುಖ ಕೆಂಪಾಗಿ, ಬಿಳುಪಾಗಿ, ಮತ್ತೆ ಕೆಂಪಾಯಿತು. "ನಾಳೆನ ಜೆಸಿಬಿ ತರಸ್ತೇನಿ, ಬದು ಕಟ್ಟಸ್ತೇನಿ!" ಅಂತ ಗುಡುಗಿದರು.

ಚಾಚಾ ಗಾಬರಿಯಾಗಿ ಅವರ ಕೈ ಹಿಡಿದುಕೊಂಡ. "ಇಷ್ಟು ಅವಸರ ಯಾಕ್ರಿ ಯಜಮಾನ್ರ? ಹಿಂಗಾರಿ ಬೆಳಿಯೊಂದು ಬಂದ್ಹೋಗಲಿ!"