ನನ್ನ ಫ್ಲಾಪಿ ರಿಜಿಸ್ಟರ್

ನಮ್ಮದು ಆಳಂದದಲ್ಲಿ ನಾಲ್ಕು ತಲೆಮಾರಿನಿಂದ ಮರ್ಯಾದೆಯಾಗಿ ಬಾಳಿದ ಮನೆತನ. ನಿಜಾಮರ ಕಾಲದಲ್ಲಿ ನಮ್ಮ ಅಜ್ಜನವರು ಮಾತು ಕೊಟ್ಟರೆ ಯಾರೂ ಕಾಗದ ಕೇಳುತ್ತಿರಲಿಲ್ಲ. ತಂದೆಯವರು ನನ್ನನ್ನು ಗುಲ್ಬರ್ಗಾದ ಕಾನ್ವೆಂಟಿಗೆ ಸೇರಿಸಿದರು. ಅಲ್ಲಿ ಬೆರಳಿಗೆ ಮಸಿ ಹತ್ತಿದ್ದು ಕಂಡರೂ ಮೊಣಕಾಲೂರಿ ನಿಲ್ಲಬೇಕಿತ್ತು. ಇಂಥ ಮನೆಯ ಹೆಣ್ಣುಮಗಳ ಮೇಜಿನಿಂದ ಕಂಪ್ಯೂಟರ್ ವೈರಸ್ ಹರಡಿತೆಂದು ನಮ್ಮ ಬೀಜ ಸಂಘದ ಜಿಲ್ಲಾ ಸಾಹೇಬರು ಮೆಮೊ ಕೊಟ್ಟಿದ್ದಾರೆ. ಮೂರು ದಿನದಿಂದ ನನಗೆ ಊಟ ಸೇರಿಲ್ಲ. ಕಚೇರಿಗೆ ಕಂಪ್ಯೂಟರ್ ಬಂದಂದಿನಿಂದ ಒಂದಿಲ್ಲೊಂದು ನಡೆಯುತ್ತಲೇ ಇದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

೧. ಶುದ್ಧ ಫ್ಲಾಪಿ

ನಾನಿರುವ ಆಳಂದ, ಅಫಜಲಪುರ, ಜೇವರ್ಗಿ, ಸಂಘದ ಈ ಮೂರು ತಾಲ್ಲೂಕು ಕಚೇರಿಗಳಿಗೆ ಒಂದೊಂದು ಕಂಪ್ಯೂಟರ್. ಮೂರೂ ಕಡೆಗೆ ಹೋಗುವ ಫ್ಲಾಪಿಗಳನ್ನು ಪರೀಕ್ಷಿಸುವ ಜವಾಬ್ದಾರಿ ನನ್ನದು. ವೈರಸ್ ಹುಡುಕುವ ಪ್ರೋಗ್ರಾಂ ತನಗೆ ಗುರುತಿರುವ ವೈರಸ್ಸನ್ನಷ್ಟೇ ಹಿಡಿಯುತ್ತದೆ. ಹೊಸದು ಬಂದರೆ? ಆ ಭಯಕ್ಕೇ ನಾನು ಪ್ರತಿ ಫ್ಲಾಪಿ ಎಲ್ಲಿಂದ ಬಂತು, ಯಾರ ಕೈ ದಾಟಿತು ಎಂದು ರಿಜಿಸ್ಟರಿನಲ್ಲಿ ಬರೆಯುತ್ತೇನೆ.

ಒಮ್ಮೆ ನಮ್ಮ ತಾಲ್ಲೂಕಿನ ನಿಂಬರ್ಗಾ ಶಾಖೆಯ ಗುಮಾಸ್ತರು ತಂದ ಫ್ಲಾಪಿಯನ್ನು ಯಂತ್ರ ಶುದ್ಧವೆಂದಿತು. ನಾನು ತಡೆದೆ.

"ಮಷೀನ ಪಾಸ್ ಮಾಡ್ಯದ, ನೀವ್ಯಾಕ ಹಿಡೀತೀರಿ ಬಾಯಾರ?"

"ಹೊರಗ ಯಾರ ಮಷೀನಿಗಾರ ಹಾಕೀರೇನು?"

"ಇಲ್ರಿ, ಬಸವಣ್ಣನ ಆಣಿ!"

ಫ್ಲಾಪಿ ತಿರುಗಿಸಿ ತೋರಿಸಿದೆ. ಹಿಂದೆ ಸೊಲ್ಲಾಪುರದ ವಿಡಿಯೋ ಗೇಮ್ ಅಂಗಡಿಯ ಚೀಟಿ ಅಂಟಿತ್ತು.

ಅವರು ತಲೆ ಕೆರೆದುಕೊಂಡರು. "ಒಂದೇ ಒಂದು ಆಟ ಆಡೇನ್ರಿ. ಅದೂ ಸೋತೇನಿ."

೨. ಜೇವರ್ಗಿಯ ತಾರೀಕು

ಬರುವ ಹದಿಮೂರನೇ ತಾರೀಕಿಗೆ ಒಂದು ವೈರಸ್ ಎದ್ದು ಕಂಪ್ಯೂಟರಿನ ಪಟ್ಟಿಗಳನ್ನೆಲ್ಲ ಅಳಿಸುತ್ತದೆ ಎಂದು ಸುತ್ತೋಲೆ ಬಂತು. ಅದು ಏಳುವುದು ಯಂತ್ರದೊಳಗಿನ ತಾರೀಕು ನೋಡಿ ಎಂದು ತಿಳಿದು ನನಗೆ ಚಿಂತೆ ಹತ್ತಿತು. ಜೇವರ್ಗಿಯ ಚಿಂತೆ ಮಾತ್ರ ಇರಲಿಲ್ಲ. ಅಲ್ಲಿಯ ಕಂಪ್ಯೂಟರಿನೊಳಗಿನ ಗಡಿಯಾರದ ಸೆಲ್ ಸತ್ತು ವರ್ಷವಾಗಿತ್ತು. ಅದಕ್ಕೆ ದಿನ ಬೆಳಗಾದರೆ ಜನವರಿ ಒಂದು. ಹದಿಮೂರು ಬರುವುದೇ ಇಲ್ಲ.

ಆದರೂ ಮನಸ್ಸು ತಡೆಯದೆ ಹನ್ನೆರಡಕ್ಕೆ ಫೋನ್ ಮಾಡಿದೆ.

"ಕಾಳಜಿ ಮಾಡಬ್ಯಾಡ್ರಿ ಬಾಯಾರ," ಎಂದರು ಅಲ್ಲಿಯ ಗುಮಾಸ್ತರು. "ಸುತ್ತೋಲೆ ಓದಿದ ಕೂಡ್ಲೆ ಹೊಸಾ ಸೆಲ್ ಹಾಕ್ಸೇನಿ. ವೈರಸ್ ಬಂದಾಗ ನಮ್ಮ ತಾರೀಕು ತಪ್ಪಿರಬಾರ್ದಲ್ರಿ!"

೩. ಮಾಹಿತಿಗಾಗಿ

ಜೇವರ್ಗಿಯದೂ ಸೇರಿ ಮೂರೂ ಯಂತ್ರಗಳನ್ನು ಎರಡು ದಿನ ಬಂದ್ ಇಡಿಸಿ ಹೇಗೋ ಉಳಿಸಿದೆ. ಕಳೆದ ವಾರ ಅಫಜಲಪುರದ ಗುಮಾಸ್ತರ ಫೋನ್ ಬಂತು. ಒಂದು ಫ್ಲಾಪಿಯಲ್ಲಿ ವೈರಸ್ ಸಿಕ್ಕಿತ್ತು. ಅಳಿಸಲೇ ಎಂದು ಯಂತ್ರ ಕೇಳಿದರೆ ಇವರು ಬೇಡವೆಂದು ಒತ್ತಿದ್ದರು.

"ಸಾಹೇಬ್ರ ಹುಕುಂ ಇಲ್ದ ಹ್ಯಾಂಗ ಅಳಸ್ಲಿ? ಫ್ಲಾಪಿ ಜಿಲ್ಲಾ ಆಫೀಸಿಗಿ ಕಳಿಸೇನ್ರಿ."

ಎರಡೇ ದಿನದಲ್ಲಿ ಸಾಹೇಬರ ಕಚೇರಿಯಿಂದ ಮೂರೂ ತಾಲ್ಲೂಕಿಗೆ ನೇರವಾಗಿ ಒಂದೊಂದು ಲಕೋಟೆ ಬಂತು. ಒಳಗೆ ಫ್ಲಾಪಿ, ಜೊತೆಗೆ ಸಾಹೇಬರ ಸಹಿಯ ಪತ್ರ: "ಅಫಜಲಪುರದಲ್ಲಿ ಸಿಕ್ಕ ವೈರಸ್‌ನ ಪ್ರತಿಯನ್ನು ಮಾಹಿತಿಗಾಗಿ ಲಗತ್ತಿಸಿದೆ. ತೆರೆದು ನೋಡಿ ಸ್ವೀಕೃತಿ ತಿಳಿಸುವುದು."

ನಾನು ತೆರೆಯಲಿಲ್ಲ, ರಿಜಿಸ್ಟರಿನಲ್ಲಿ ಬರೆದು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಉಳಿದೆರಡು ಕಚೇರಿಯ ಗುಮಾಸ್ತರು ತೆರೆದರು. ಬಿತ್ತನೆ ಎದುರಿಗಿರುವಾಗ ಎರಡು ತಾಲ್ಲೂಕಿನ ಬೀಜದ ಪಟ್ಟಿ ಹೋಯಿತು. ಪರೀಕ್ಷಿಸುವವಳು ನಾನೆಂದು ಮೆಮೊ ನನಗೆ ಬಂತು.

ಸಾಹೇಬರಿಗೇ ಫೋನ್ ಮಾಡಿ, "ವೈರಸ್ ಹಂಚಿದವರು ತಾವೇ ಅಲ್ರಿ?" ಎಂದು ಕೇಳಿದೆ.

"ಏನ್ ಮಾತಾಡ್ತೀರಿ ಬಾಯಾರ?" ಎಂದು ಗದರಿದರು. "ನಾ ಕಳಿಸಿದ್ದು ಬರೇ ನಕಲು. ಅಸಲಿ ವೈರಸ್ ನಮ್ಮ ತಿಜೋರ್ಯಾಗ ಭದ್ರ ಅದ!"

ರಿಜಿಸ್ಟರಿನ ಆ ಪುಟ, ಸಹಿಯ ಪತ್ರ ಎರಡೂ ನನ್ನಲ್ಲಿವೆ. ಸಾಹೇಬರು ಮೆಮೊ ಹಿಂದಕ್ಕೆ ಪಡೆದು ನನ್ನಲ್ಲಿ ಲಿಖಿತವಾಗಿ ಕ್ಷಮೆ ಕೇಳಬೇಕು.